ಭೀಮನ ಬಣ್ಣ ಯಾವುದು?

2011ರಲ್ಲಿ ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿಯನ್ನು ತೆಗೆದುಹಾಕಿದಾಗ ಅವನ ಓದುಗರು ವರ್ಷಗಟ್ಟಲೆ ತಕರಾರು ಮಾಡಿದರು. 2018ರಲ್ಲಿ, ಆಕ್ಷನ್ ಕಾಮಿಕ್ಸ್‌ನ ಸಾವಿರನೇ ಸಂಚಿಕೆಯಲ್ಲಿ, ಅದು ಮರಳಿ ಬಂತು. ಒಂದು ತುಂಡು ಬಟ್ಟೆಗೆ ಇಷ್ಟು ಜಗಳವೇ ಎಂದು ಕೇಳುವವರು ರಾಯಚೂರು ಜಿಲ್ಲೆಯ ಮಾನ್ವಿ ಅಥವಾ ದೇವದುರ್ಗ ತಾಲ್ಲೂಕಿನ ಊರೊಂದರಲ್ಲಿ ದೊಡ್ಡಾಟವೆಂಬ ಬಯಲಾಟದ ರಾತ್ರಿ ಹಿರಿಯರ ಪಕ್ಕದಲ್ಲಿ ಕೂಡಬೇಕು. "ಭೀಮ ಯಾವಾಂವ, ದುಶ್ಯಾಸನ ಯಾವಾಂವ, ಗೊತ್ತs ಆಗವಲ್ದಲ್ಲೋ ತಮ್ಮಾ" ಎಂದು ಅಜ್ಜನೊಬ್ಬ ಬೇಸರದಿಂದ ಹೇಳಿದ ಮಾತು ನಾನು ದೊಡ್ಡಾಟದ ಬಗ್ಗೆ ಕೇಳಿದ ಅತ್ಯಂತ ಖಚಿತ ವಿಮರ್ಶೆ. ನಮ್ಮ ವಿದ್ವಾಂಸರು ದೊಡ್ಡಾಟದ ಪಠ್ಯ ಸಂಪಾದಿಸಿದರು, ಹಾಡಿನ ಮಟ್ಟು, ಭಾಗವತನ ತಾಳ ಚರ್ಚಿಸಿದರು. ವೇಷದ ವಿಷಯಕ್ಕೆ ಬಂದಾಗ ಆಭರಣಗಳ ಪಟ್ಟಿ ಕೊಟ್ಟು ಮುಂದೆ ಹೋದರು. ಆ ಪಟ್ಟಿಯ ಹಿಂದಿರುವ ತರ್ಕವನ್ನು ಕಾಯ್ದುಕೊಂಡು ಬಂದವರು ನೋಡುಗರು.

ಈ ಭಾಗದ ದೊಡ್ಡಾಟ ವೃತ್ತಿಮೇಳದ ಕಲೆಯಲ್ಲ. ದೇವದುರ್ಗದ ಕಡೆ ಹತ್ತಿ ಬಿಡಿಸಿ ಮುಗಿದ ಮೇಲೆ, ಮಾನ್ವಿಯ ಕಾಲುವೆ ಕಡೆ ನೆಲ್ಲು ಮನೆಗೆ ಬಂದ ಮೇಲೆ, ಒಕ್ಕಲುತನದ ಮಂದಿಯೇ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡಿ ಆಡುವ ಆಟ ಇದು. ರಂಗದ ಮೇಲಿನ ಭೀಮ ನಿನ್ನೆ ಟ್ರ್ಯಾಕ್ಟರ್ ಹೊಡೆದವನು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಅವನನ್ನು ಊರಿನವನಿಂದ ಬೇರೆಯಾಗಿಸುವ ಹೊಣೆ ಪೂರ್ತಿ ವೇಷದ ಮೇಲೆ ಬೀಳುತ್ತದೆ. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂಡಿಸಿದ ಕಿರೀಟ, ಹೆಗಲ ಮೇಲೆ ರೆಕ್ಕೆಯಂತೆ ಏಳುವ ಭುಜಕೀರ್ತಿ, ಎದೆಕಟ್ಟು, ಡಾಬು, ಕಾಲಿಗೆ ಗೆಜ್ಜೆ. ಮುಖಕ್ಕೆ ಹಿಂದೆ ಅರದಾಳ, ಇಂಗಳೀಕ, ಕಾಡಿಗೆ.

ಹಳೆಯ ಭುಜಕೀರ್ತಿಯೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಗಲಿನಲ್ಲಿ ಅದು ಒರಟು. ಕನ್ನಡಿ ಚೂರುಗಳು ಒಂದೇ ಮಟ್ಟದಲ್ಲಿಲ್ಲ, ಒಂದೊಂದೂ ಒಂದೊಂದು ಕಡೆ ವಾಲಿದೆ. ಇದು ಬಡಗಿಯ ಅಸಡ್ಡೆಯೆಂದು ನನಗೆ ಅನಿಸುವುದಿಲ್ಲ. ಪಂಜಿನ, ಆಮೇಲೆ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಪಾತ್ರಧಾರಿ ಹೆಜ್ಜೆ ಹಾಕಿದಾಗ ಬೇರೆ ಬೇರೆ ಚೂರು ಬೇರೆ ಬೇರೆ ಗಳಿಗೆಯಲ್ಲಿ ಹೊಳೆದರೆ, ಕಟ್ಟಕಡೆಗೆ ಬಂಡಿಯ ಮೇಲೆ ಕೂತವನಿಗೂ ಕುಣಿತ ಕಾಣುತ್ತದೆ.

ಕಾಮಿಕ್ಸ್ ವೀರರ ಬಣ್ಣವೂ ಹೀಗೆ ಸಾಧನದ ಮಿತಿಯಿಂದಲೇ ಹುಟ್ಟಿದ್ದು. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಅಗ್ಗದ ಕಾಗದದ ಮೇಲೆ ನಿಲ್ಲುತ್ತಿದ್ದದ್ದು ಗಟ್ಟಿ ಕೆಂಪು, ನೀಲಿ, ಹಳದಿ. 1962ರ ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದಿ ಬಣ್ಣದವನು. ಆ ಬೂದಿ ಪುಟಪುಟಕ್ಕೂ ಬದಲಾಗಿ ಅಚ್ಚಾದ್ದರಿಂದ ಎರಡನೆಯ ಸಂಚಿಕೆಗೆ ಹಸಿರಾದ. ಇಂದ್ರಜಾಲ ಕಾಮಿಕ್ಸ್‌ನಲ್ಲಿ ನಾವು ನೇರಳೆ ಉಡುಪಿನಲ್ಲಿ ಕಂಡ ಫ್ಯಾಂಟಮ್ ಇಟಲಿಯ ಓದುಗರಿಗೆ ಕೆಂಪು, ಸ್ವೀಡನ್ನಿನವರಿಗೆ ನೀಲಿ. ಪ್ರತಿಯೊಬ್ಬರಿಗೂ ತಮ್ಮದೇ ನಿಜವಾದ ಫ್ಯಾಂಟಮ್.

ದೊಡ್ಡಾಟದಲ್ಲೂ ಹೀಗೆಯೇ. ಭೀಮನ ಬಣ್ಣ ಯಾವುದೆಂದು ಕೇಳಿದರೆ ಒಂದೂರಿನವರು ಕೆಂಪು ಎನ್ನುತ್ತಾರೆ, ಪಕ್ಕದೂರಿನವರು ಹಸಿರು. ಕೃಷ್ಣನ ನೀಲಿ, ರಕ್ಕಸರ ಕೆಂಪು–ಕಪ್ಪು ಮುಖ ಬಿಟ್ಟರೆ ಎಲ್ಲೆಡೆ ನಡೆಯುವ ಕಟ್ಟುಕಟ್ಟಳೆ ಕಡಿಮೆ. ಇದನ್ನು ಕಂಡು ನಿಯಮವೇ ಇಲ್ಲ ಎಂದುಕೊಳ್ಳಬಾರದು. ಒಂದೇ ರಂಗದ ಮೇಲೆ ಎದುರಾಳಿಗಳು ಒಂದೇ ಬಣ್ಣದಲ್ಲಿ ನಿಲ್ಲಕೂಡದು ಎಂಬುದೇ ಹಿರಿಯರ ನಿಯಮ. ಬಣ್ಣ ಯಾವುದೇ ಇರಲಿ, ಭೇದ ಇರಬೇಕು. ಯಾವ ಪಾತ್ರಕ್ಕೆ ಯಾವ ಬಣ್ಣ ಎಂದು ಕೋಷ್ಟಕ ಬರೆಯಲು ಹೊರಡುವವರು ಈ ಸೂಕ್ಷ್ಮವನ್ನು ಕಳೆದುಬಿಡುತ್ತಾರೆ.

ಆದರೆ ಲಾಂಛನದ ವಿಷಯದಲ್ಲಿ ಈ ಪರಂಪರೆ ತನ್ನ ಆಸ್ತಿಯನ್ನು ಬಳಸಿಕೊಳ್ಳಲೇ ಇಲ್ಲ ಎಂದು ಹೇಳಲೇಬೇಕು. ಬ್ಯಾಟ್‌ಮನ್ ಎದೆಯ ಬಾವಲಿಯ ಸುತ್ತ 1964ರಲ್ಲಿ ಹಳದಿ ದೀರ್ಘವೃತ್ತ ಬಂದದ್ದೇ ದೊಡ್ಡ ಸುದ್ದಿ; ನಮ್ಮ ಮಹಾಭಾರತದಲ್ಲಿ ಲಾಂಛನಗಳ ಒಂದು ಲೋಕವೇ ಇದೆ. ಅರ್ಜುನನಿಗೆ ಕಪಿ, ದುರ್ಯೋಧನನಿಗೆ ಹಾವು, ಭೀಷ್ಮನಿಗೆ ತಾಳೆಮರ, ದ್ರೋಣನಿಗೆ ಕಮಂಡಲು. ವಿರಾಟಪರ್ವದಲ್ಲಿ ಹೆದರಿದ ಉತ್ತರನಿಗೆ ಅರ್ಜುನ ಕೌರವ ವೀರರನ್ನು ಪರಿಚಯಿಸುವುದು ಅವರ ಬಾವುಟ ತೋರಿಸಿಯೇ. ಇಷ್ಟಿದ್ದೂ ದೊಡ್ಡಾಟದ ಎದೆಕಟ್ಟಿನ ಮೇಲೆ ಎಲ್ಲರಿಗೂ ಅದೇ ಹೂಬಳ್ಳಿ. ಅರ್ಜುನನ ಎದೆಯ ಮೇಲೆ ಹನುಮನಿಲ್ಲ, ದುರ್ಯೋಧನನ ಕಿರೀಟದಲ್ಲಿ ಹೆಡೆಯಿಲ್ಲ. ಕೈಯಲ್ಲಿ ಗದೆ ಇದೆಯೋ ಬಿಲ್ಲಿದೆಯೋ ನೋಡಿ ಗುರುತು ಹಿಡಿಯಬೇಕು. ಗದೆಯಾದರೋ ಭೀಮನಿಗೂ ಉಂಟು, ದುರ್ಯೋಧನನಿಗೂ ಉಂಟು!

ಸ್ತ್ರೀಪಾತ್ರಗಳ ಸ್ಥಿತಿ ಇನ್ನೂ ಕಡೆ. ಮೊದಲು ಗಂಡಸರು ಆಡುತ್ತಿದ್ದ ದ್ರೌಪದಿ, ಸುಭದ್ರೆಯರನ್ನು ಈಗ ಹೊರಗಿನಿಂದ ಕರೆಸಿದ ಕಲಾವಿದೆಯರು ಆಡುತ್ತಾರೆ. ಅವರಿಗೆ ಮಿಂಚುವ ಸೀರೆಯೊಂದು ಸಾಕು ಎಂದು ಪರಂಪರೆ ಕೈತೊಳೆದುಕೊಂಡಿದೆ. ಆಟದ ಕೇಂದ್ರವೇ ದ್ರೌಪದಿಯಾಗಿರುವ ವಸ್ತ್ರಾಪಹರಣದಲ್ಲೂ ಅವಳ ಉಡುಪಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಅಜ್ಜನ ದೂರಿಗೆ ನೇರ ಕಾರಣ ಬಾಡಿಗೆ ಡ್ರೆಸ್ಸು. ಪಟ್ಟಣದಿಂದ ಟ್ರಂಕಿನಲ್ಲಿ ಬರುವ ಸೆಟ್ಟುಗಳಲ್ಲಿ ಮಖಮಲ್ಲಿನ ಅಂಗಿ, ಯಂತ್ರದ ಜರಿ, ಚಿನ್ನದ ಬಣ್ಣ ಬಳಿದ ಕಿರೀಟ. ರಾಜನಾದರೆ ಸಾಕು, ಧರ್ಮರಾಯನಿಗೂ ಶಕುನಿಗೂ ಒಂದೇ ಅಳತೆ, ಒಂದೇ ಹೊಳಪು. ಇದರ ಹಿಂದಿರುವುದು ಕ್ಯಾಲೆಂಡರ್ ಚಿತ್ರ, 'ಕೃಷ್ಣ' ಸಂಚಿಕೆಯಿಂದ ಪುರಾಣಕ್ಕೆ ಹೊರಳಿದ ಅಮರ ಚಿತ್ರ ಕಥೆ, 1988ರಿಂದ ಮನೆಮನೆಗೆ ಬಂದ ದೂರದರ್ಶನದ ಮಹಾಭಾರತ. ಟಿವಿಯಲ್ಲಿ ಕ್ಯಾಮೆರಾ ಮುಖದ ಹತ್ತಿರ ಹೋಗುತ್ತದೆ, ಹಾಗಾಗಿ ವೇಷ ಒಂದೇ ಇದ್ದರೂ ನಡೆಯುತ್ತದೆ. ಬಯಲಿನಲ್ಲಿ ನೋಡುಗ ಕೂತಲ್ಲಿಂದ ಏಳುವುದಿಲ್ಲ.

ಊರಿನ ಹುಡುಗರಿಗೆ ಈ ಹೊಳಪು ಇಷ್ಟ. ಅದನ್ನು ನಾನು ಹಳಿಯುವುದಿಲ್ಲ. ಮೊಬೈಲಿನ ಫೋಟೋದಲ್ಲಿ ಮಖಮಲ್ಲು ಚೆನ್ನಾಗಿ ಬರುತ್ತದೆ, ಹಳೆಯ ಬೇಗಡೆ ಎಲ್‌ಇಡಿ ದೀಪದಡಿ ಬಡವಾಗಿ ಕಾಣುತ್ತದೆ. ಬೆಳಕು ಬದಲಾದ ಮೇಲೆ ಬಣ್ಣವೂ ಬದಲಾಗಲೇಬೇಕು. ಆದರೆ ಹುಡುಗರ ಮೆಚ್ಚುಗೆಯಲ್ಲಿ ಅಜ್ಜನ ಪ್ರಶ್ನೆ ಇಲ್ಲ. ಚಂದ ಇದೆಯೇ ಎಂದು ಕೇಳುತ್ತಾರೆ, ಬೇರೆ ಇದೆಯೇ ಎಂದು ಕೇಳುವುದಿಲ್ಲ.

ಇಡೀ ಆಟಕ್ಕೆ ಊರಿನದೇ ವೇಷ ಮಾಡಿಸುವುದು ದುಬಾರಿ. ಹೊಸ ಬಟ್ಟೆಯಲ್ಲೇ ಎದುರಾಳಿ ಜೋಡಿಗಳಿಗೆ ಮಾತ್ರ, ಎಂದರೆ ಭೀಮ–ದುಶ್ಯಾಸನ, ಅರ್ಜುನ–ಕರ್ಣರಿಗೆ, ಬೇರೆ ಬೇರೆ ಎದೆಕಟ್ಟು ಹೊಲಿಸಿದರೆ ಆದೀತು. ಒಂದರ ಮೇಲೆ ಕಪಿ, ಇನ್ನೊಂದರ ಮೇಲೆ ಸೂರ್ಯ ಬರಲಿ. ಬಾಗಲಕೋಟೆಯ ಬಯಲಾಟ ಅಕಾಡೆಮಿ ಹಿರಿಯ ಕಲಾವಿದರ ಹಾಡನ್ನು ದಾಖಲಿಸುವಾಗ ಕ್ಯಾಮೆರಾವನ್ನು ಒಮ್ಮೆ ನೋಡುಗರ ಕಡೆಗೂ ತಿರುಗಿಸಬೇಕು. ಯಾವ ಊರಲ್ಲಿ ಯಾವ ವೇಷಕ್ಕೆ ಶಿಳ್ಳೆ ಬೀಳುತ್ತಿತ್ತು, ಯಾವುದನ್ನು ಕಂಡು ಜನ ಮುಖ ತಿರುಗಿಸುತ್ತಿದ್ದರು ಎಂದು ಹೇಳಬಲ್ಲವರು ರಾಯಚೂರು ಜಿಲ್ಲೆಯ ಕಟ್ಟೆಗಳ ಮೇಲೆ ಇನ್ನೂ ಕೂತಿದ್ದಾರೆ. ಮೊದಲು ಅವರನ್ನು ಕೇಳಬೇಕು, ಆಮೇಲೆ ದರ್ಜಿಯನ್ನು.