‘ಗೃಹಭಂಗ’ದ ಜಮಾಖರ್ಚು

ನಮ್ಮ ಕಾದಂಬರಿಗಳಲ್ಲಿ ಬಡತನದ ವರ್ಣನೆ ಹೇರಳವಾಗಿದೆ. ಆದರೆ ಬಡ ಸಂಸಾರದ ಆಯವ್ಯಯವನ್ನು ಬಿಡಿಸಿ ತೋರಿದ ಕೃತಿಗಳು ವಿರಳ. ಶ್ರೀ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಅಂತಹ ವಿರಳ ಕೃತಿಗಳಲ್ಲೊಂದು. ವಿಧಿಯ ಕ್ರೌರ್ಯದ ಕಥೆಯೆಂದು ಇದನ್ನು ಓದುವವರೇ ಹೆಚ್ಚು. ಒಬ್ಬಳು ತಾಯಿ ಒಂಟಿಯಾಗಿ ಸಂಸಾರ ತೂಗಿಸಿದ ಲೆಕ್ಕವೆಂದು ಓದಿದರೆ ಅದರ ಬೆಲೆ ಇನ್ನೂ ಹೆಚ್ಚುವುದೆಂದು ನಮ್ಮ ಅಭಿಪ್ರಾಯ.

ನಂಜಮ್ಮನಿಗೆ ಗಂಡನಿದ್ದಾನೆ. ಆದರೆ ಸಂಸಾರದ ನೊಗಕ್ಕೆ ಅವಳೊಬ್ಬಳೇ ಹೆಗಲು ಕೊಟ್ಟವಳು. ಶಾನುಭೋಗ ಚೆನ್ನಿಗರಾಯನಿಗೆ ಲೆಕ್ಕ ಬರೆಯಲು ಬಾರದು. ಖಾನೇಷುಮಾರಿಯ ಪುಸ್ತಕಗಳನ್ನು ಬರೆಯುವವಳು ಹೆಂಡತಿ. ಹಕ್ಕು ಮಾತ್ರ ಗಂಡನದು. ಅವನ ಕೈಸೇರಿದ ಹಣ ಅವನ ಹೊಟ್ಟೆಗೇ ಹೋಗುತ್ತದೆ, ಮಕ್ಕಳ ಹೊಟ್ಟೆಗಲ್ಲ. ಆದುದರಿಂದಲೇ ಅವಳು ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲೆಕ್ಕ ಬರೆಯುವುದು ಹೆಚ್ಚು ವಿದ್ಯೆಯ ಕೆಲಸ, ಎಲೆ ಹಚ್ಚುವುದು ಕಡಿಮೆ ಆದಾಯದ ಕೆಲಸ. ಆದರೂ ಮಕ್ಕಳಿಗೆ ಅನ್ನವಾಗುವುದು ಎರಡನೆಯದರಿಂದ. ಏಕೆಂದರೆ ಆ ಹಣ ನೇರವಾಗಿ ಅವಳ ಕೈಗೆ ಬರುತ್ತದೆ. ಸಂಸಾರದ ಅಳಿವು ಉಳಿವು ಆದಾಯ ಎಷ್ಟೆಂಬುದರ ಮೇಲಷ್ಟೇ ಅಲ್ಲ, ಅದು ಯಾರ ಕೈಸೇರುತ್ತದೆಂಬುದರ ಮೇಲೂ ನಿಂತಿದೆ. ಈ ಸತ್ಯವನ್ನು ಲೇಖಕರು ಉಪದೇಶವಿಲ್ಲದೆ ಮನಗಾಣಿಸಿದ್ದಾರೆ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಪ್ಲೇಗು ಮಕ್ಕಳನ್ನೂ ಕೊನೆಗೆ ನಂಜಮ್ಮನನ್ನೂ ಒಯ್ಯುತ್ತದೆ. ಇದು ಕೃತಕವಾದ ಕಲ್ಪನೆಯಲ್ಲ. 1898ರಿಂದ ಮೈಸೂರು ಸೀಮೆಯನ್ನು ಆ ಪಿಡುಗು ಮತ್ತೆ ಮತ್ತೆ ಕಾಡಿತು. ತಮ್ಮ ಮನೆಯವರನ್ನೇ ಅದು ಬಲಿತೆಗೆದುಕೊಂಡುದನ್ನು ಲೇಖಕರು ಆತ್ಮವೃತ್ತಾಂತ ‘ಭಿತ್ತಿ’ಯಲ್ಲಿ (1996) ನಿರೂಪಿಸಿದ್ದಾರೆ. ಆದರೂ ಸಾವಿನ ಹೊಡೆತಕ್ಕೆ ಸಿಕ್ಕ ಓದುಗನು ಮನೆ ಮುರಿದದ್ದು ರೋಗದಿಂದಲೇ ಎಂದು ತಿಳಿದುಬಿಡುವ ಅಪಾಯವಿದೆ. ಪ್ಲೇಗು ಬರುವ ಎಷ್ಟೋ ಮೊದಲೇ ಆ ಮನೆ ಒಳಗಿನಿಂದ ಮುರಿದಿತ್ತು. ಇದಲ್ಲದೆ, ಚೆನ್ನಿಗರಾಯನ ಬೇಜವಾಬ್ದಾರಿಯನ್ನು ಅವನ ಸ್ವಭಾವವೆಂಬಂತೆ ಚಿತ್ರಿಸಲಾಗಿದೆ. ಅಂಥವನ ಕೈಗೇ ಯಜಮಾನಿಕೆಯನ್ನು ಕೊಟ್ಟ ಪದ್ಧತಿಯ ವಿಚಾರವನ್ನು ಓದುಗನೇ ಮಾಡಿಕೊಳ್ಳಬೇಕಾಗಿದೆ.

ಆ ವಿಚಾರ ಹಳೆಯದಾಯಿತೆನ್ನುವಂತಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯಿದೆಯು ತಂದೆಯನ್ನು ಸ್ವಾಭಾವಿಕ ಪೋಷಕನೆಂದು ಹೇಳಿ, ತಾಯಿಯನ್ನು ಅವನ ‘ಅನಂತರ’ ಇರಿಸಿತು. ಗೀತಾ ಹರಿಹರನ್ ಎಂಬ ಲೇಖಕಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ಈ ಒಂದು ಶಬ್ದವೇ ಅಡ್ಡಬಂದಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಅನಂತರ’ ಎಂದರೆ ತಂದೆಯ ಮರಣಾನಂತರ ಎಂದಷ್ಟೇ ಅಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ಎಂದು ಅರ್ಥೈಸಿತು. ಹೊಣೆ ಹೊರದ ತಂದೆ! ಚೆನ್ನಿಗರಾಯನಿಗೆ ಇದಕ್ಕಿಂತ ಸರಿಯಾದ ವಿಶೇಷಣವುಂಟೆ?

ಗಡಿನಾಡಿನ ಅಧ್ಯಾಪಕರಿಗೆ ಈ ಕಾದಂಬರಿ ಹೊರಗಿನದಲ್ಲ. ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟೆಂದು ಕೂಲಿ ಪಡೆದು, ಮಕ್ಕಳನ್ನು ಓದಿಸಿದ ತಾಯಂದಿರನ್ನು ನಾವು ಬಲ್ಲೆವು. ಅದೂ ಎಲೆಯ ಕೆಲಸವೇ. ‘ಗೃಹಭಂಗ’ವನ್ನು ಪಾಠ ಹೇಳುವಾಗ ನಂಜಮ್ಮನ ತಾಳ್ಮೆಯನ್ನು ಹೊಗಳಿ ಮುಗಿಸಿದರೆ ಅವಳಿಗೆ ನ್ಯಾಯ ಸಲ್ಲುವುದಿಲ್ಲ. ಅವಳ ದುಡಿಮೆ ಏನು, ಅದರ ಹಣ ಯಾರ ಕೈಗೆ ಹೋಯಿತು, ಅದರಲ್ಲಿ ಮಕ್ಕಳ ಪಾಲೆಷ್ಟು ಎಂದು ವಿದ್ಯಾರ್ಥಿಗಳಿಂದ ಬರೆಯಿಸೋಣ. ತಾಳ್ಮೆ ಅವಳ ಗುಣವೆಂಬುದು ನಿಜ. ಆದರೆ ಅವಳಿಗೆ ಬೇಕಾಗಿದ್ದುದು ತಾನು ದುಡಿದುದರ ಮೇಲಿನ ಅಧಿಕಾರ.