ಒಂದ್ ಹಣ್ಣಾದ್ರೂ ತಗಂಡ್ನಾ?

ಹೋದ ತಿಂಗಳು ಅವ್ವ ಊರಿಂದ ಬಂದಿದ್ದಳು. ಹೊಸಕೆರೆಹಳ್ಳಿಯ ನಮ್ಮ ಎರಡನೇ ಮಹಡಿ ಬಾಡಿಗೆ ಮನೆಯಲ್ಲಿ ಅವಳಿಗೆ ಹೊತ್ತು ಹೋಗಲ್ಲ. ಕೆರೆ ಕಡೆ ಕಿಟಕಿ ತೆಗೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಅದಕ್ಕೇ ಸಂಜೆ ಟೀವಿಯಲ್ಲಿ ಯೂಟ್ಯೂಬ್ ಹಾಕಿ ಕೊಡ್ತೀನಿ. ಸೀರಿಯಲ್ ಅವಳಿಗೆ ಆಗಿಬರಲ್ಲ, ಅಳೋದು ಜಾಸ್ತಿಯಂತೆ. ದೇಶ ಸುತ್ತೋ ಹುಡುಗರ ಕನ್ನಡ ವಿಡಿಯೊ ಅಂದ್ರೆ ಮಾತ್ರ ಊಟ ಮರೆತು ನೋಡ್ತಾಳೆ.

ಅವತ್ತು ಬಂದದ್ದು ಕಾರ್ತಹೇನ. ಕೊಲಂಬಿಯಾ ದೇಶದ ಬಂದರು, ಕೆರಿಬಿಯನ್ ಸಮುದ್ರದ ದಂಡೆ. 1533ರಲ್ಲಿ ಸ್ಪೇನಿನವರು ಕಟ್ಟಿದ ಊರು, ಸುತ್ತ ಕೋಟೆಗೋಡೆ. ಒಳಗೆ ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳು, ಬಾಲ್ಕನಿ ತುಂಬಾ ಕಾಗದದ ಹೂ. ನಮ್ಮ ಹುಡುಗ ಗಡಿಯಾರ ಗೋಪುರದ ಬಾಗಿಲು ದಾಟಿ ಒಳಗೆ ಬಂದ. ಅಲ್ಲಿ ಬಣ್ಣಬಣ್ಣದ ಲಂಗ ತೊಟ್ಟ ಕಪ್ಪು ಹೆಂಗಸೊಬ್ಬಳು, ತಲೆ ಮೇಲೆ ಹಣ್ಣಿನ ಬೋಗುಣಿ. ಕ್ಯಾಮೆರಾ ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಆಮೇಲೆ ಹುಡುಗ ನಮ್ಮ ಕಡೆ ತಿರುಗಿ ಎಚ್ಚರಿಕೆ ಕೊಟ್ಟ: ಇವರ ಹತ್ರ ಹುಷಾರು ಫ್ರೆಂಡ್ಸ್, ಫೋಟೊ ತೆಗೆದ್ರೆ ದುಡ್ಡು ಕೀಳ್ತಾರೆ.

ಅವ್ವ ಬೋಗುಣಿಯನ್ನೇ ನೋಡ್ತಿದ್ದಳು. "ಸಿಂಬೆ ಚೆನ್ನಾಗ್ ಸುತ್ತವ್ಳೆ. ಪರಂಗಿ ಹಣ್ಣು ಮೇಲಿಕ್ಕವ್ಳೆ, ಅಡೀಗಿಕ್ಕಿದ್ರೆ ನಜ್ಜಾಯ್ತದೆ." ಆಮೇಲೆ ಕೇಳಿದಳು: "ಆ ಹುಡ್ಗ ಒಂದ್ ಹಣ್ಣಾದ್ರೂ ತಗಂಡ್ನೇನ್ಲಾ?"

ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದೆ. ತಗೊಂಡಿರಲಿಲ್ಲ.

ಆ ಹುಡುಗನ ಹೆಸರು ಬೇಡ. ಇದೇ ಎಚ್ಚರಿಕೆಯನ್ನು ನಾನು ಕನ್ನಡದಲ್ಲೂ ಇಂಗ್ಲಿಷಲ್ಲೂ ಎಷ್ಟೋ ಸಲ ಕೇಳಿದ್ದೀನಿ. ಈ ವಿಡಿಯೊಗಳ ಮೇಲೆ ನನಗೆ ಸಿಟ್ಟೇನಿಲ್ಲ. ತುಮಕೂರು ದಾಟದ ನನ್ನ ಸೋದರಮಾವ ಇವತ್ತು ಆಫ್ರಿಕಾದ ಸಂತೆ ಬಗ್ಗೆ ಮಾತಾಡ್ತಾನೆ ಅಂದ್ರೆ ಅದು ಈ ಹುಡುಗರ ಪುಣ್ಯ. ಇಂಗ್ಲಿಷು ತಡವರಿಸಿದರೂ ನಾಚಿಕೆಪಡದೆ, ಅವಲಕ್ಕಿ ಕಟ್ಟಿಕೊಂಡು ಹೋಗಿ ಬರೋ ಧೈರ್ಯ ನಮ್ಮ ತಲೆಮಾರಿನ ಎಂಜಿನಿಯರುಗಳಿಗೆ ಇರಲಿಲ್ಲ. ನಮಗೆ ದಕ್ಷಿಣ ಅಮೆರಿಕ ಸಿಕ್ಕಿದ್ದೇ ಪುಸ್ತಕದಲ್ಲಿ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿ, ಆ ಖಂಡ ಅಂದ್ರೆ ಬರೀ ಬೆಟ್ಟ, ಇಂಕಾ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಸೆಕೆ, ಬೆವರು, ಮೀನಿನ ವಾಸನೆಯ ಬಂದರೂ ಅಲ್ಲಿರುತ್ತೆ ಅಂತ ಹೋಗೋವರೆಗೆ ಹೊಳೆದಿರಲಿಲ್ಲ.

ನನ್ನ ತಕರಾರು ಆ 'ಕೀಳ್ತಾರೆ' ಅನ್ನೋ ಮಾತಿನ ಮೇಲೆ. ಹನ್ನೊಂದು ನಿಮಿಷದ ವಿಡಿಯೊಗೆ ಥಂಬ್‌ನೇಲ್ ಯಾವುದು ಗೊತ್ತಾ? ಅದೇ ಹೆಂಗಸಿನ ಮುಖ. ಜನ ಒತ್ತಿದ್ದು ಅದನ್ನು ನೋಡಿ, ಜಾಹೀರಾತಿನ ದುಡ್ಡು ಬಂದದ್ದು ಅದರಿಂದ. ಅವಳು ಪಾಲು ಕೇಳಿದರೆ ಮೋಸ. ಕ್ಲೈಂಟ್ ಜೊತೆ ಕಾಲು ಗಂಟೆ ಕಾಲ್‌ನಲ್ಲಿ ಕೂತರೂ ಟೈಮ್‌ಶೀಟಿನಲ್ಲಿ ಬರೆಯೋ ನಾವು ಇದನ್ನು ಒಪ್ಪಿಕೊಂಡು ನಗ್ತೀವಿ.

ಆ ಹೆಂಗಸರಿಗೆ ಪಲೆಂಕೇರ ಅಂತಾರೆ. ಕಾರ್ತಹೇನದಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಸಾನ್ ಬಸೀಲಿಯೊ ದೆ ಪಲೆಂಕೆ ಅನ್ನೋ ಊರಿನ ಕುಲದವರು. ಗೋಪುರದ ಬಾಗಿಲು ದಾಟಿದ ಕೂಡಲೇ ಸಿಗುವ, ನಾನು ಹೋದಾಗ ಕುದುರೆಗಾಡಿ ನಿಲ್ತಿದ್ದ ಚೌಕದಲ್ಲೇ ಒಂದು ಕಾಲಕ್ಕೆ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನರನ್ನು ಮಾರ್ತಿದ್ದರು. ತಪ್ಪಿಸಿಕೊಂಡವರು ಬೆಂಕೋಸ್ ಬಿಯೋಹೋ ಅನ್ನುವವನ ಜೊತೆ ಕಾಡು ಸೇರಿ, ಬೇಲಿ ಹಾಕಿ ಊರು ಕಟ್ಟಿದರು. ಅವನನ್ನು 1621ರಲ್ಲಿ ಕೊಂದರು. ಊರು ಉಳೀತು. 1713ರಲ್ಲಿ ಸ್ಪೇನಿನ ಆಡಳಿತವೇ ಅವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸ್ಪ್ಯಾನಿಷ್ ಜೊತೆ ಆಫ್ರಿಕಾದ ಬಂಟು ನುಡಿಗಳು ಬೆರೆತ ಅವರದೇ ಭಾಷೆ ಇವತ್ತಿಗೂ ಇದೆ. ಮುತ್ತಜ್ಜಿಯರನ್ನು ಹರಾಜು ಹಾಕಿದ ಚೌಕದಲ್ಲಿ ಮೊಮ್ಮಗಳು ನಿಂತು, ನನ್ನ ಮುಖಕ್ಕೆ ಇಷ್ಟು ರೇಟು ಅಂತ ತಾನೇ ಹೇಳ್ತಾಳೆ. ನನಗಂತೂ ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣಲಿಲ್ಲ. ವಿಡಿಯೊದಲ್ಲಿ ಇದಕ್ಕೆ ಅರ್ಧ ವಾಕ್ಯವೂ ಇಲ್ಲ.

ಅಷ್ಟು ದೂರ ಯಾಕೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳದ್ದೂ ಹತ್ತಿರ ಹತ್ತಿರ ಇದೇ ಕಥೆ. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಅವರಲ್ಲಿದ್ದಾರೆ. ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ಹೋದಾಗ ನನ್ನ ಆಫೀಸಿನ ಒಬ್ಬ, ಅದೂ ಶಿರಸಿ ಕಡೆ ಟ್ರೆಕ್ಕಿಂಗ್ ಮಾಡಿ ಬಂದವನು, "ಇವರು ಕನ್ನಡದವರಾ?" ಅಂತ ಕೇಳಿದ. ಹತ್ತಿರದ ಕಾಡಿನಲ್ಲಿ ಕಾಣದ್ದು ದೂರದ ಬಂದರಿನಲ್ಲಿ ಕಾಣಲಿ ಅನ್ನೋದು ನನ್ನ ಅತಿಯಾಸೆ ಇರಬಹುದು.

ಈಗ ನನ್ನ ವಿಷಯ. 2019ರಲ್ಲಿ ಫ್ಲೋರಿಡಾದಲ್ಲಿ ಆನ್‌ಸೈಟ್ ಇದ್ದೆ. ಮಯಾಮಿಯಿಂದ ಮೂರು ಗಂಟೆಯೊಳಗಿನ ವಿಮಾನ. ಧಾರವಾಡದ ಗೆಳೆಯ, ನಾನು, ಒಂದು ಲಾಂಗ್ ವೀಕೆಂಡ್ ಅಂತ ಹೊರಟೆವು. ಹೋಗೋ ಮುಂಚೆ ನಾವೂ ಇಂಥ ವಿಡಿಯೊಗಳನ್ನೇ ನೋಡಿ ಪಾಠ ಕಲಿತಿದ್ದೆವು. ಹಾಗಾಗಿ ನಾನು ದುಡ್ಡು ಕೊಡದೆ, ಕಂಬದ ಮರೆಯಿಂದ ಝೂಮ್ ಮಾಡಿ ಒಬ್ಬಳ ಫೋಟೊ ಹೊಡೆದೆ. ಅವಳು ನೋಡಿಬಿಟ್ಟಳು. ಏನೋ ಕೂಗಿದಳು. ಭಾಷೆ ಬರದಿದ್ದರೂ ಅರ್ಥ ಆಯ್ತು. ತಿರುಗಿ ನೋಡದೆ ಬಿರಬಿರನೆ ನಡೆದೆ.

ಅದೇ ಸಂಜೆ ಗೋಡೆ ಮೇಲೆ ಕೂತಿದ್ದಾಗ ಹುಡುಗನೊಬ್ಬ ಕಾಗದದ ಪೊಟ್ಟಣ ಹಿಡಿದು "ಮನೀ, ಮನೀ" ಅಂತ ಬಂದ. ನಾನು ಜೇಬು ಮುಟ್ಟಿ ನೋಡಿಕೊಂಡು ಮುಖ ಆ ಕಡೆ ಹಾಕಿದೆ. ನೋಡಿದ್ರಾ, ನೇರವಾಗೇ ಕೇಳ್ತಾರೆ ಅಂತ. ಧಾರವಾಡದವನು ನಕ್ಕ: "ಇಂವಾ ಯಾಕೋ ಮನೀ ಮನೀ ಅನ್ನಾಕತ್ತಾನಲೇ, ಮನೀ ನೆನಪಾತು." ಪೊಟ್ಟಣ ಬಿಚ್ಚಿ ತೋರಿಸಿದಾಗ ಗೊತ್ತಾಯ್ತು. ಹುರಿದ ಕಡ್ಲೇಕಾಯಿ ಬೀಜ! ಅಲ್ಲಿ ಕಡ್ಲೇಕಾಯಿಗೆ ಮನೀ ಅಂತಾರೆ. ಬೆಳೆ ಹುಟ್ಟಿದ್ದೂ ಆ ಖಂಡದಲ್ಲೇ, ಅಲ್ಲಿಂದ ಹಡಗು ಹತ್ತಿ ನಮ್ಮ ಕಡೆ ಬಂತು. (ಬಸವನಗುಡಿ ಬಸವಣ್ಣ ಕೆಂಪೇಗೌಡರ ಕಾಲದಲ್ಲಿ ಕಡ್ಲೇಕಾಯಿ ಹೊಲ ಮೇಯ್ತಿದ್ದ ಕಥೆಗೆ ಇದು ಯಾವಾಗ ಸೇರಿತೋ, ಬಸವಣ್ಣನನ್ನೇ ಕೇಳಬೇಕು.)

ಪೊಟ್ಟಣ ಕೈಗೆ ಬಂದಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಯಾಕಂದ್ರೆ ನಾನು ಓದಿದ್ದೇ ಕಡ್ಲೇಕಾಯಿ ದುಡ್ಡಲ್ಲಿ. ಕಾರ್ತಿಕದ ಕಡೇ ಸೋಮವಾರಕ್ಕೆ ಎರಡು ದಿನ ಮುಂಚೆ ಮಾಗಡಿ ಕಡೆಯ ನಮ್ಮೂರಿಂದ ಮೂಟೆ ಹೇರಿಕೊಂಡು ಅವ್ವ ಪರಿಷೆಗೆ ಬರ್ತಿದ್ದಳು. ಬುಲ್ ಟೆಂಪಲ್ ರಸ್ತೆಯ ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿ, ರಾತ್ರಿ ಮೂಟೆಗೊರಗಿ ನಿದ್ದೆ. ಒಂದು ವರ್ಷ ಬೆಳಗಿನ ಜಾವ ಯಾರೋ ಬಂದು, ಸೇರು ಹಿಡಿದು ಕೂತ ಅವ್ವನ ಫೋಟೊ ಹೊಡೆದುಕೊಂಡು ಹೋದರು. ಮಾರನೇ ದಿನ ಅದು ಅಚ್ಚಾಯಿತು. ಕೆಳಗೆ ಪರಿಷೆಯ ಸೊಗಸು ಅಂತಲೋ ಏನೋ ಇತ್ತು, ಹೆಸರಿಲ್ಲ. ನಾನು ಕತ್ತರಿಸಿ ತಂದು ಹೆಮ್ಮೆಯಿಂದ ತೋರಿಸಿದರೆ ಅವ್ವ ಅಂದದ್ದು ಇಷ್ಟೇ: "ಬೋಣಿ ಆಗಕ್ ಮುಂಚೆ ಹೊಡ್ಕಂಡ್ ಹೋದ. ಒಂದ್ ಪಾವಾದ್ರೂ ತಗಬೋದಾಗಿತ್ತು."

ಆ ಪೇಪರಿನ ತುಂಡು ಇವತ್ತಿಗೂ ನನ್ನ ಬಿಇ ಮಾರ್ಕ್ಸ್ ಕಾರ್ಡಿನ ಫೈಲಿನಲ್ಲಿದೆ. ಅದಿದ್ದೂ ನಾನು ಕಂಬದ ಮರೆಗೆ ಹೋಗಿ ನಿಂತೆ.

ಕಾರ್ತಹೇನಕ್ಕೆ ಹೋಗೋ ಓದುಗರ ಇನ್ನೊಂದು ಜಾತಿ ಇದೆ, ಮಾರ್ಕೆಜ್ ಓದಿದವರು. 1948ರಲ್ಲಿ ಆತ ಅಲ್ಲಿನ ಪತ್ರಿಕೆಯಲ್ಲಿ ಕೆಲಸ ಮಾಡಿದ್ದ, ಚಿತಾಭಸ್ಮವನ್ನೂ 2016ರಲ್ಲಿ ಅಲ್ಲೇ ಇಟ್ಟರು. ಅವನ ಹೆಸರಿನಲ್ಲಿ ವಾಕಿಂಗ್ ಟೂರ್‌ಗಳಿವೆ. 'ಲವ್ ಇನ್ ದ ಟೈಮ್ ಆಫ್ ಕಾಲರಾ' ಹಿಡಿದು, ನಾಯಕ ಊರವರಿಗೆ ಪ್ರೇಮಪತ್ರ ಬರೆದುಕೊಡ್ತಿದ್ದ ಕಮಾನುಗಳ ಕೆಳಗೆ ಸೆಲ್ಫಿ ತಗೋತಾರೆ. ಈಗ ಅಲ್ಲಿ ಮಿಠಾಯಿ ಅಂಗಡಿಗಳು. ಕೊಬ್ಬರಿ, ಸೋಂಪು ಹಾಕಿ ಬೆಲ್ಲದ ಪಾಕದಲ್ಲಿ ಕಟ್ಟಿದ ಅರಳಿನುಂಡೆ ಸಿಗುತ್ತೆ, ನಮ್ಮ ಪುರಿಉಂಡೆಗೆ ಅಕ್ಕನೋ ತಂಗಿಯೋ ಅನ್ನಬೇಕು. ಆದರೆ ಆ ಕಾದಂಬರಿಯಲ್ಲಿ ಪ್ರೇಮದಷ್ಟೇ ಚರಂಡಿಯೂ ಇದೆ. ಪ್ಯಾರಿಸ್‌ನಿಂದ ಓದಿ ಬಂದ ಡಾಕ್ಟರು ಊರಿನ ಕೊಳಚೆ, ಸಂತೆಯ ಗಲೀಜು ನೋಡಿ ಗಾಬರಿಯಾಗಿ, ನಲ್ಲಿ ನೀರು, ಒಳಚರಂಡಿ, ಚಾವಣಿಯಿರೋ ಮಾರುಕಟ್ಟೆಗಾಗಿ ಬಡಿದಾಡ್ತಾನೆ. ಕೊನೆಗೆ ಸಾಯೋದು ಗಿಣಿ ಹಿಡಿಯೋಕೆ ಹೋಗಿ, ಮಾವಿನ ಮರದಿಂದ. ಆ ಮಾವು ಹೋದದ್ದು ನಮ್ಮ ದೇಶದಿಂದ.

ಕೋಟೆಯ ಪಕ್ಕದ ಹೆತ್ಸೆಮಾನಿಯಲ್ಲಿದ್ದ ಹಳೇ ಮಾರುಕಟ್ಟೆಯನ್ನು 1978ರಲ್ಲಿ ಎತ್ತಿ ಬಸುರ್ತೊಗೆ ಹಾಕಿದರು, ಆ ಜಾಗದಲ್ಲಿ ಕನ್ವೆನ್ಷನ್ ಸೆಂಟರ್ ಎದ್ದಿತು. ಮೂರನೇ ದಿನ ಟ್ಯಾಕ್ಸಿಯವನು ಬೇಡ ಬೇಡ ಅಂದರೂ ನಾವು ಬಸುರ್ತೊಗೆ ಹೋದೆವು. ಪಕ್ಕದಲ್ಲೇ ಕೊಳೆತ ಹಿನ್ನೀರು. ವಾಸನೆ ನನಗೇನೂ ಹೊಸದಲ್ಲ, ಹೊಸಕೆರೆಹಳ್ಳಿಯವನು. ಮೀನು, ಮರಗೆಣಸು, ಬಾಳೆಕಾಯಿ, ಕೂಗಾಟ. ಊರು ಊಟ ಮಾಡೋದು ಇಲ್ಲಿಂದ ಅನ್ನೋದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಬಂದರು ಅಂದ್ರೆ ಇಳಿಸೋದು, ಹೇರೋದು, ಅಳೆಯೋದು, ಚೌಕಾಸಿ. ಕೋಟೆಯೊಳಗಿನ ಬಣ್ಣ ನೋಡಿ ಬಂದವನು ಬಂದರು ನೋಡಿದೆ ಅಂತ ಹೇಳೋದು, ಕಲ್ಯಾಣಮಂಟಪದ ಸೀರಿಯಲ್ ಸೆಟ್ ನೋಡಿ ಬಂದು ಮದುವೆ ಊಟ ಚೆನ್ನಾಗಿತ್ತು ಅಂದ ಹಾಗೆ.

ಇದನ್ನೆಲ್ಲ ಅವ್ವನಿಗೆ ಹೇಳ್ತಾ ಕೂತೆ. ಕಂಬದ ಮರೆಯ ಕಥೆ ಬಿಟ್ಟಿದ್ದೆ. ಅವಳು ಬಿಡಬೇಕಲ್ಲ.

"ನೀನ್ ಹೋಗಿದ್ದಾಗ ತಗಂಡ್ಯಾ?"

ತಗೊಂಡಿದ್ದೆ. ಬಸುರ್ತೊದಿಂದ ವಾಪಸ್ ಬಂದು, ಅದೇ ಚೌಕದಲ್ಲಿ ಅವಳನ್ನು ಹುಡುಕಿದೆ, ಸಿಗಲಿಲ್ಲ. ಇನ್ನೊಬ್ಬಳಿದ್ದಳು. ಮಾವಿನಕಾಯಿ ಸೀಳು ಕೊಂಡೆ, ಉಪ್ಪು, ನಿಂಬೆರಸ ಹಿಂಡಿ ಕೊಟ್ಟಳು. ಆಮೇಲೆ ಕೇಳಿ, ಐದು ಸಾವಿರ ಪೆಸೊ ಕೊಟ್ಟು ಒಂದು ಫೋಟೊ. ಅವತ್ತಿನ ಲೆಕ್ಕದಲ್ಲಿ ನೂರು ರೂಪಾಯಿ ಚಿಲ್ಲರೆ. ನಿಂತುಕೊಳ್ಳೋ ಮುಂಚೆ ಲಂಗ ಸರಿಮಾಡಿಕೊಂಡು ಬೋಗುಣಿ ನೆಟ್ಟಗೆ ಮಾಡಿಕೊಂಡಳು.

ಫೋನು ತೆಗೆದು ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು.

"ಖಾರದ ಪುಡಿ ಹಾಕಿಲ್ವಲ್ಲ. ಕೊಸರು ಕೊಟ್ಳಾ?"

ಕೊಟ್ಟಳು ಅಂದೆ. ಅವರಲ್ಲೂ ಅದಕ್ಕೊಂದು ಹೆಸರಿದೆ, ನ್ಯಾಪ ಅಂತಾರೆ. ಒಂದು ಸೀಳು ಜಾಸ್ತಿ ಹಾಕಿದ್ದಳು.