ಖಳನಾಯಕನಿಲ್ಲದ ಆಟ

ಹೆಸರು ಬಿಯರ್ ಗೇಮ್. ಕುಡಿಯಲು ಮಾತ್ರ ಹನಿಯೂ ಸಿಗದು. ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಬಳಗ 1960ರ ಸುಮಾರಿಗೆ ರೂಪಿಸಿದ ಈ ಆಟಕ್ಕೆ ಬೇಕಾದದ್ದು ಉದ್ದನೆಯ ಹಾಳೆ, ಒಂದಿಷ್ಟು ಬಿಲ್ಲೆ, ನಾಲ್ಕು ಪಾತ್ರ: ಚಿಲ್ಲರೆ ವ್ಯಾಪಾರಿ, ಸಗಟುದಾರ, ವಿತರಕ, ಕಾರ್ಖಾನೆಯವ. ಪರಸ್ಪರ ಮಾತಾಡುವಂತಿಲ್ಲ. ಚೀಟಿಯಲ್ಲಿ ಆರ್ಡರ್ ಬರೆದು ದಾಟಿಸಬೇಕು, ಅಷ್ಟೇ. ಚೀಟಿ ತಲುಪುವುದೂ ತಡ, ಸರಕು ಬರುವುದೂ ತಡ.

ಗಿರಾಕಿಯ ಬೇಡಿಕೆ ಮೊದಲು ವಾರಕ್ಕೆ 4 ಪೆಟ್ಟಿಗೆ. 5ನೇ ವಾರ 8ಕ್ಕೇರುತ್ತದೆ, ಆಮೇಲೆ ಕೊನೆಯವರೆಗೂ ಅಲುಗಾಡುವುದಿಲ್ಲ. ಆದರೂ ಎಂಥ ರಾದ್ಧಾಂತ! ಸರಕು ಬರಲಿಲ್ಲವೆಂದು ಒಬ್ಬ ಗಾಬರಿಯಿಂದ 12 ಬರೆದರೆ, ಅವನ ಹಿಂದಿನವ 20 ಬರೆಯುತ್ತಾನೆ. ಕಾರ್ಖಾನೆ ಹಗಲಿರುಳು ದುಡಿದು ಕಳಿಸಿದ್ದು ಬಂದು ಬೀಳುವ ಹೊತ್ತಿಗೆ ಆರ್ಡರ್ ಸೊನ್ನೆ, ಗೋದಾಮು ಭರ್ತಿ. ಎಲ್ಲರೂ ಗಿರಾಕಿಯನ್ನೇ ಬೈಯುತ್ತಾರೆ. ಕೊನೆಗೆ ಆತನ ಚೀಟಿಗಳನ್ನು ಬಿಚ್ಚಿ ತೋರಿಸಿದಾಗ ಅವರ ಮುಖ ನೋಡಬೇಕು!

ನನಗೆ ಹಿಡಿಸುವುದು ಇದೇ. ಎಂಥ ಜಾಣರು ಕೂತರೂ ಏರಿಳಿತ ತಪ್ಪಿಸುವುದು ಕಷ್ಟ. ದೋಷ ಆಟಗಾರರಿಗಿಂತ ಹೆಚ್ಚಾಗಿ ವಿಳಂಬದಲ್ಲಿದೆ, ಸರಪಳಿಯ ಜೋಡಣೆಯಲ್ಲಿದೆ. ಮ್ಯಾನೇಜ್‌ಮೆಂಟ್ ಕಾಲೇಜುಗಳಷ್ಟೇ ಅಲ್ಲ, ನಮ್ಮ ಹೈಸ್ಕೂಲು ಮೇಷ್ಟ್ರುಗಳೂ ಇದನ್ನೊಮ್ಮೆ ಆಡಿಸಿ ನೋಡಬೇಕು. ಬಿಲ್ಲೆಗೆ ಹುಣಸೆಬೀಜ ಸಾಕು.